ಕಾಳಾ ಮಸಾಲೆಯ ಡಬ್ಬಿ

೧೪ ಜೂನ್ ೨೦೨೫, ಶನಿವಾರ. ಉದಗೀರ.

ಹೆಂಡತಿ ಮಹಾನಂದಾಳ ಗಣಾರಾಧನೆ ಇವತ್ತು ಮುಗಿಯಿತು. ಅವಳು ತೀರಿಹೋಗಿ ಹನ್ನೊಂದು ದಿನ. ಬಂದವರು ಜಗಳವಾಡಿದ್ದು ಅನ್ನಕ್ಕಾಗಿ.

ಮಸಾಲೆ ಭಾತಿನ ಪಾತೇಲಿ ಒಲೆಗೇರುವ ಮೊದಲೇ ಶುರುವಾಯಿತು. "ನಮ್ಮ ಉಮರಗಾದಾಗ ತೊಂಡಿಕಾಯಿ ಇಲ್ದಿದ್ರ ಅದಕ್ಕ ಮಸಾಲೆ ಭಾತ ಅನ್ನೂದಿಲ್ರಿ," ಎಂದಳು ಮಹಾನಂದಾಳ ಅತ್ತಿಗೆ. ನಿಲಂಗಾದ ನನ್ನ ತಂಗಿ ಶಕುಂತಲಾ ಬಿಡುವವಳೇ? "ನಿಮ್ಮದು ತೊಂಡಿಕಾಯಿ ಪಲ್ಯಾ ವೈನಿ, ನಡುವ ನಾಕು ಅಕ್ಕಿಕಾಳು. ಬದನಿಕಾಯಿ, ಶೇಂಗಾ ಹಾಕಸ್ರಿ." ಊರಿನ ಅಡುಗೆಯವನು ಎಲ್ಲವನ್ನೂ ಹಾಕಿ, ಮೇಲೆ ಆಲೂಗಡ್ಡೆಯನ್ನೂ ಸುರಿದ. ಅದೂ ಇರಲಿ.

ಆಮೇಲೆ ಘಮ ಸಾಲದೆಂದು ಇಬ್ಬರೂ ಮೊದಲ ಸಲ ಒಂದಾದರು. ನನ್ನನ್ನು ಕೇಳದೆ ಕಪಾಟಿನ ಡಬ್ಬಿ ತೆಗೆದು ಪಾತೇಲಿಗೆ ಬೋರಲು ಹಾಕಿದರು. ಮಹಾನಂದಾ ಏಪ್ರಿಲ್‌ನಲ್ಲಿ ಕಪ್ಪಗೆ ಹುರಿದು ಕುಟ್ಟಿಟ್ಟ ಕಾಳಾ ಮಸಾಲೆ ಅದು, ಇಡೀ ವರ್ಷಕ್ಕೆಂದು ಮಾಡಿದ್ದು. ಇನ್ನೂರು ಜನರ ಊಟದಲ್ಲಿ ಒಂದೇ ಮಧ್ಯಾಹ್ನ ಮುಗಿಯಿತು. ಜಂಗಮರು ಹೊಗಳಿದರು. ಅತ್ತಿಗೆ ತೊಂಡೆಕಾಯಿಯಿಂದ ರುಚಿ ಬಂತು ಅಂದಳು, ತಂಗಿ ಶೇಂಗಾದಿಂದ ಅಂದಳು.

"ಯಾಕ ಮಾರಿ ಸಣ್ಣ ಮಾಡ್ತೀ ಅಣ್ಣಾ? ನಾ ಮತ್ತ ಕುಟ್ಟಿ ಕಳಸ್ತೀನಿ," ಎಂದಳು ಶಕುಂತಲಾ. ಏನು ಕಳಿಸುತ್ತಾಳೆ?

ಸಂಜೆ ಸೊಸೆ ವೈಷ್ಣವಿ ಉಳಿದ ಪಾತ್ರೆಗಳ ಜೊತೆ ಡಬ್ಬಿಯನ್ನೂ ನಳದ ಹತ್ತಿರ ಒಯ್ದಳು. "ಅದನ್ನ ತೊಳೀಬ್ಯಾಡವ್ವಾ," ಎಂದೆ. ಅವಳ ಕೈಯಿಂದ ಇಸಿದುಕೊಂಡು ಒಳಗೆ ತಂದೆ.

ಡಬ್ಬಿ ಈಗ ನನ್ನ ಪಕ್ಕದಲ್ಲಿದೆ. ಮುಚ್ಚಳ ತೆಗೆದಷ್ಟೂ ಇರುವ ವಾಸನೆ ಕಡಿಮೆಯಾಗುತ್ತದೆ. ಗೊತ್ತಿದ್ದೂ ಎರಡು ಸಲ ತೆಗೆದೆ.