ತಾರೀಖಿಲ್ಲದ ರಾಜೀನಾಮೆ

೧೮ನೆಯ ತಾರೀಖು, ಬುಧವಾರ

ನನ್ನ ಗುಬ್ಬಿಗೆ ಅಮ್ಮ ಮಾಡುವ ಆಶೀರ್ವಾದ.

ಪೇಪರಿನಲ್ಲಿ ಏನೇ ಬಂದಿರಲಿ, ನನಗೆ ಯಾವ ಕಾಯಿಲೆಯೂ ಇಲ್ಲ. ಹಸಿವಾಗುತ್ತದೆ, ನಿದ್ದೆ ಬರುತ್ತದೆ. ಅಳು ಮಾತ್ರ ಬರುತ್ತಿಲ್ಲ. ಹಲ್ಲು ಕೀಳುವ ಮೊದಲು ದವಡೆಗೆ ಸೂಜಿ ಹಾಕಿದ ಹಾಗೆ, ಮುಟ್ಟಿದರೂ ತಿಳಿಯುವುದಿಲ್ಲ. ಹನ್ನೊಂದು ದಿನದಿಂದ ನೀನು ಮನೆ ಕಡೆ ತಲೆ ಹಾಕಿಲ್ಲ. ಪಕ್ಷದ ಕಚೇರಿಯಲ್ಲಿ ಕೆಲಸ ಜಾಸ್ತಿ ಇರಬೇಕು. ನಾನು ಇಪ್ಪತ್ತೆರಡು ವರ್ಷ ಕೂತ ಟೈಪಿಸ್ಟ್ ಕುರ್ಚಿಯಲ್ಲವೇ, ನಾನು ಪಾರ್ಲಿಮೆಂಟಿಗೆ ಹೋದ ಮೇಲೆ ನಿನಗೆ ಬಂದದ್ದು.

ನಿನಗೆ ಮುಚ್ಚಿಟ್ಟ ಒಂದು ವಿಷಯ ಹೇಳಿಬಿಡುತ್ತೇನೆ. ಪಕ್ಷದ ಪಟ್ಟಿಯಲ್ಲಿ ಮೂರಕ್ಕೊಂದು ಹೆಸರು ಹೆಂಗಸಿನದಿರಬೇಕೆಂದು ಕಾನೂನಿದೆಯಲ್ಲ, ಅದನ್ನು ಸಲ್ಲಿಸುವ ದಿನ ಒಂಬತ್ತನೆಯವಳು ಕೈಕೊಟ್ಟಳು. ಅಧ್ಯಕ್ಷರು ನನ್ನ ಮೇಜಿನ ಹತ್ತಿರ ಬಂದು, ನಿಮ್ಮ ಹೆಸರೇ ಹಾಕ್ಕೊಳ್ಳಿ ಅಕ್ಕಾ, ನಮಗೆ ಆರು ಸೀಟು ಬಂದ್ರೆ ಹೆಚ್ಚು ಅಂದರು. ಲೆಕ್ಕಕ್ಕುಂಟು, ಆಟಕ್ಕಿಲ್ಲ. ನಗುತ್ತಾ ಟೈಪ್ ಮಾಡಿದೆ. ಜೊತೆಗೆ ಇನ್ನೊಂದು ಕಾಗದ: ಅನಾರೋಗ್ಯದ ಕಾರಣ ಸದಸ್ಯತ್ವಕ್ಕೆ ರಾಜೀನಾಮೆ, ತಾರೀಖಿನ ಜಾಗ ಖಾಲಿ. ಹೆಂಗಸರೆಲ್ಲ ಕೊಡ್ತಾರೆ, ಬರೀ ಪದ್ಧತಿ ಅಂದರು. ನನಗೆ ತಿಳಿಯದ್ದೇನು? ಹಿಂದಿನ ಚುನಾವಣೆಗಳಲ್ಲಿ ಅಂಥವನ್ನು ಡಜನ್‌ಗಟ್ಟಲೆ ಟೈಪ್ ಮಾಡಿದವಳೇ ನಾನು. ಸಹಿ ಹಾಕಿ ಅವರ ಕೈಗೇ ಕೊಟ್ಟೆ.

ಆಮೇಲೆ ಪ್ರಚಾರಕ್ಕೆಂದು ಬಟ್ಟೆ ಕಾರ್ಖಾನೆಯ ಗೇಟಿಗೆ ಕಳಿಸಿದರು. ಬೇರೆಯವರ ಭಾಷಣ ಟೈಪ್ ಮಾಡಿದವಳು ನಾಲ್ಕು ನಿಮಿಷ ನಾನೇ ಮಾತಾಡಿದೆ. ಪಾಳಿ ಮುಗಿಸಿ ಬಂದ ಒಬ್ಬಳು ಕೈ ಹಿಡಿದುಕೊಂಡು, ಬಸ್ಸಿಲ್ಲದೆ ಎರಡು ಗಂಟೆ ನಡೀತೀವಿ, ನೀವಾದ್ರೂ ಅಲ್ಲಿ ಬಾಯಿ ಬಿಡಿ ಅಂದಳು. ಅವತ್ತಿನಿಂದ ನನಗೆ ಆ ಸೀಟು ಬೇಕೇ ಬೇಕು ಅನ್ನಿಸಿತು ಮಗಳೇ. ಈ ವಯಸ್ಸಿನಲ್ಲಿ ಆಸೆ ನೋಡು.

ಒಂಬತ್ತು ಸೀಟು ಬಂತು. ಪಟ್ಟಿಯ ಮೇಲಿನಿಂದ ಒಂಬತ್ತು ಜನ ಒಳಗೆ, ಕೊನೆಯವಳು ನಾನು. ಹತ್ತನೆಯವನು ಅಧ್ಯಕ್ಷರ ಭಾವಮೈದುನ. ನಾನು ಬಿಟ್ಟರೆ ಅವನು ಒಳಗೆ. ಅಧ್ಯಕ್ಷರು ಆ ರಾಜೀನಾಮೆ ತಂದು, ತಾರೀಖು ತುಂಬಿ ಕೊಡಿ ಅಂದರು. ಆಗಲ್ಲ ಅಂದೆ. ಅವರಿಗೆ ಆಗಲ್ಲ ಅಂದದ್ದು ಅದೇ ಮೊದಲು. ಅವರು ನಕ್ಕು ಕಾಗದ ಮಡಚಿಕೊಂಡು ಹೋದರು.

ಏಳನೆಯ ತಾರೀಖು ಪಾರ್ಲಿಮೆಂಟಿನಲ್ಲಿ ಬಸ್ಸಿನ ಪ್ರಶ್ನೆ ಕೈಯಲ್ಲಿ ಹಿಡಿದು ನನ್ನ ಸರದಿಗೆ ಕಾಯುತ್ತಿದ್ದೆ. ಸಭಾಧ್ಯಕ್ಷರು ಕನ್ನಡಕ ಏರಿಸಿಕೊಂಡು ನನ್ನ ರಾಜೀನಾಮೆ ಓದಿದರು. ಎದ್ದು ನಿಂತು, ನಾನು ಇಲ್ಲೇ ಇದ್ದೀನಲ್ಲ ಸ್ವಾಮಿ ಅಂದೆ. ಹತ್ತಿರ ಕರೆದು, ಸಹಿ ನಿಮ್ಮದೇ ಏನಮ್ಮ ಅಂತ ಕೇಳಿದರು. ನನ್ನದೇ. ಸುಳ್ಳು ಹೇಗೆ ಹೇಳಲಿ? ಕಾವಲಿನವನು ಬಾಗಿಲು ತೆಗೆದ. ಬಸ್ಸು ಹಿಡಿದು ಮನೆಗೆ ಬಂದೆ.

ಇಷ್ಟೇ ಆದದ್ದು. ವೇಳೆಗೆ ಸರಿಯಾಗಿ ಊಟ ಮಾಡು.

ಇಂತಿ, ನಿನ್ನ
ಅಮ್ಮ

ಮರೆತಿದ್ದೆ: ಸಭಾಧ್ಯಕ್ಷರು ಆ ಕಾಗದವನ್ನು ನನ್ನ ಕೈಗೇ ಕೊಟ್ಟು ತೋರಿಸಿದರು. ತಾರೀಖು ಹೊಸ ರಿಬ್ಬನ್ನಿನಲ್ಲಿ ಕಪ್ಪಗೆ ಬಿದ್ದಿತ್ತು. ಏಳರ ಅಂಕಿ ಕೂದಲೆಳೆಯಷ್ಟು ಮೇಲೆ ಕೂತಿತ್ತು. ಕಚೇರಿಯ ನಮ್ಮ ಟೈಪ್ ಮಷೀನಿನ ಏಳು ಯಾವಾಗಲೂ ಹಾಗೇ ಅಲ್ಲವೇ. ಟೈಪ್ ಮಾಡು ಅಂದಾಗ ಯಾಕೆ ಅಂತ ಕೇಳಬಾರದು ಎಂದು ನಿನಗೆ ಕಲಿಸಿದವಳು ನಾನೇ. ಮನೆಗೆ ಬಾ.