ಎರಡನೇ ಪ್ಲಾಟ್‌ಫಾರ್ಮಿನ ಕರೆ

ರೈಲು ನಿಲ್ದಾಣದಿಂದ,
ಹದಿನೇಳನೇ ತಾರೀಕು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ನಿನ್ನ ಮೊಣಕಾಲು ಈಗ ಹೇಗಿದೆ? ಮೆಟ್ಟಿಲು ಹತ್ತಬೇಡ ಎಂದು ಡಾಕ್ಟರು ಹೇಳಿದರೆ ಬೇಕೆಂದೇ ಹತ್ತಿ ತೋರಿಸುವ ಜಾಯಮಾನ ನಿನ್ನದು, ಅದಕ್ಕೇ ಕೇಳಿದೆ. ಅತ್ತಿಗೆಯ ಕೆಮ್ಮು ಇಳಿಯಿತೇ? ನಿನ್ನ ಮಗಳ ಪರೀಕ್ಷೆ ಮುಗಿದಿರಬೇಕು. ಅತ್ತೆಗೆ ಒಂದು ಸಾಲು ಬರೆಯಲೂ ಪುರುಸೊತ್ತಿಲ್ಲವೇ ಎಂದು ನಾನು ಮುನಿಸಿಕೊಂಡಿದ್ದೇನೆಂದು ಹೇಳು. ನಾನು ಚೆನ್ನಾಗಿದ್ದೇನೆ, ಗಂಟಲೊಂದು ಕಟ್ಟಿದೆ. ಇಡೀ ದಿನ ಮೈಕಿನ ಮುಂದೆ ಕೂತು ರೈಲುಗಳ ಪರವಾಗಿ ಕ್ಷಮೆ ಕೇಳುವ ಕೆಲಸ ತಾನೆ ನನ್ನದು. ‘ಗಾಡಿ ತಡ ಆದ್ರೆ ನೀನ್ಯಾಕಮ್ಮ ಕ್ಷಮೆ ಕೇಳ್ತೀಯ, ನೀನೇನು ಎಂಜಿನ್ ತಳ್ತೀಯಾ?’ ಎಂದು ಅಪ್ಪ ಈಗಲೂ ಕೇಳುತ್ತಾರೆ. ಅವರ ವಿಷಯ ಹೇಳಲೆಂದೇ ಬರೆಯಲು ಕೂತೆ.

ಎರಡನೇ ಪ್ಲಾಟ್‌ಫಾರ್ಮಿನ ಗೋಡೆಗೆ ಕಪ್ಪು ಕಲ್ಲು ಕೂರಿಸಿದ್ದಾರೆ. ಯುದ್ಧದ ಆ ಮಧ್ಯಾಹ್ನ, ಊರು ಬಿಡಲು ರೈಲಿಗೆ ಕಾಯುತ್ತಿದ್ದವರ ಮೇಲೆ ಬಾಂಬು ಬಿತ್ತಲ್ಲ, ಸತ್ತವರ ಹೆಸರುಗಳು ಅದರ ಮೇಲಿವೆ. ಸೈನಿಕರಿಗೆ ಚೌಕದಲ್ಲಿ ಎಂದೋ ಕಂಬ ಎದ್ದಿತ್ತು. ಗಂಟುಮೂಟೆ ಹಿಡಿದು ನಿಂತಿದ್ದವರಿಗೆ ಒಂದು ಕಲ್ಲು ಸಿಗಲು ನಮ್ಮ ತಲೆ ನರೆಯಬೇಕಾಯಿತು. ಅಮ್ಮನ ಹೆಸರು ಅದರಲ್ಲಿಲ್ಲ. ಕಲ್ಲು ಕೆತ್ತುವವನು ಕೇಳಲು ಬಂದಾಗ ಅಪ್ಪ ಅವನನ್ನು ಹೊಸಿಲಾಚೆಯೇ ನಿಲ್ಲಿಸಿ, ‘ಬದುಕಿರೋಳ ಹೆಸರನ್ನ ಕಲ್ಲಿಗೆ ಹಾಕ್ತೀಯಾ?’ ಎಂದು ಕಳಿಸಿಬಿಟ್ಟರು.

ನಿನಗೆ ಎಲ್ಲ ನೆನಪಿದೆ, ನನಗಿರುವುದು ಅಪ್ಪ ಹೇಳಿದ್ದಷ್ಟೇ. ಅಮ್ಮ ಹಾಸಿಗೆ ಸುರುಳಿಯ ಮೇಲೆ ಕೂತು ಸಾಮಾನು ಕಾಯುತ್ತಿದ್ದದ್ದು, ನಾನು ನೀರು ಬೇಕೆಂದು ರಚ್ಚೆ ಹಿಡಿದದ್ದು, ಅಪ್ಪ ನನ್ನನ್ನು ಎತ್ತಿಕೊಂಡು, ನಿನ್ನ ಕೈ ಹಿಡಿದು ತುದಿಯ ನಲ್ಲಿಗೆ ಹೊರಟದ್ದು. ‘ಬೇಗ ಬನ್ನಿ, ಗಾಡಿ ಬಂದ್ರೆ ನಾನೊಬ್ಬಳೇ ಹತ್ತಿಬಿಡ್ತೀನಿ ನೋಡಿ’ ಎಂದು ಅಮ್ಮ ನಕ್ಕಳಂತೆ. ನಲ್ಲಿಯ ಮುಂದೆ ಉದ್ದ ಸಾಲು. ಅಷ್ಟರಲ್ಲಿ ಒಂದು ಗಾಡಿ ಬಂದು, ಜನರನ್ನು ತುಂಬಿಕೊಂಡು ಹೊರಟೂಬಿಟ್ಟಿತು. ಅದರ ಬೆನ್ನಿಗೇ ಬಾಂಬು. ಅಮ್ಮನದೆಂದು ಹೇಳುವ ಒಂದು ಚೂರೂ ಸಿಗಲಿಲ್ಲ. ಹಾಗಾಗಿ ಆ ತಮಾಷೆಯ ಮಾತನ್ನೇ ಅಪ್ಪ ನಿಜವೆಂದು ನಂಬಿ ಬದುಕಿದರು. ದಿನಾ ಸಂಜೆ ಗಾಡಿಯ ಹೊತ್ತಿಗೆ ಇಸ್ತ್ರಿ ಅಂಗಿ ತೊಟ್ಟು, ತಲೆ ಬಾಚಿಕೊಂಡು ಇಲ್ಲಿಗೆ ಬರುತ್ತಿದ್ದರು. ನಾನು ಈ ಕೆಲಸಕ್ಕೆ ಸೇರಿದ ಮೇಲೆ ‘ಮಗಳನ್ನ ಕರ್ಕೊಂಡು ಹೋಗಕ್ಕೆ ಬಂದೆ’ ಎನ್ನಲು ಒಂದು ನೆಪವೂ ಸಿಕ್ಕಿತು.

ಎಂಟನೇ ತಾರೀಕು ಭಾನುವಾರ ಕಲ್ಲಿನ ಮೇಲಿನ ಬಟ್ಟೆ ಸರಿಸಿದರು. ‘ನಿಮ್ಮ ದನಿ ಊರಿಗೆಲ್ಲ ಪರಿಚಯ, ಹೆಸರುಗಳನ್ನ ನೀವೇ ಓದಿಬಿಡಿ’ ಎಂದರು ಸ್ಟೇಷನ್ ಮಾಸ್ತರು. ನನ್ನ ಗಾಜಿನ ಕೋಣೆಯಿಂದ ಎಲ್ಲ ಕಾಣುತ್ತದೆ. ಓದತೊಡಗಿದೆ. ಅಣ್ಣಾ, ಪ್ರತಿ ಹೆಸರಿಗೂ ಜನರ ನಡುವೆ ಯಾರಾದರೊಬ್ಬರು ಥಟ್ಟನೆ ತಿರುಗಿ ಹಳಿಯ ಕಡೆ ನೋಡುತ್ತಿದ್ದರು. ಕೊನೆಯ ಸ್ಪೀಕರಿನಿಂದ ನನ್ನ ದನಿ ಯಾವಾಗಲೂ ತುಸು ತಡವಾಗಿ ಬರುತ್ತದೆ. ಅಂದು ಅದು ಮರುದನಿಯಂತಿರಲಿಲ್ಲ. ನಾನು ಕರೆದರೆ ಅಲ್ಲಿಂದ ಯಾರೋ ಓಗೊಟ್ಟ ಹಾಗಿತ್ತು.

ಓದಿ ಮುಗಿಸುವಷ್ಟರಲ್ಲಿ ಅಪ್ಪ ಬಾಗಿಲು ತಳ್ಳಿಕೊಂಡು ಒಳಗೆ ಬಂದರು. ‘ಪ್ರವೇಶವಿಲ್ಲ’ ಎಂಬ ಬೋರ್ಡಿಗೆ ಹೆದರಿ ಇಷ್ಟು ವರ್ಷ ಹೊರಗೇ ನಿಂತಿದ್ದವರು. ‘ಅವತ್ತು ಇಲ್ಲಿಗೇ ಓಡಿ ಬಂದಿದ್ದೆ ಕಣಮ್ಮ. ಕರೆಂಟಿಲ್ಲ, ಕೂಗಕ್ಕಾಗಲ್ಲ ಅಂದ್ರು. ಇವತ್ತು ಕರೆಂಟಿದೆಯಲ್ಲ? ಅವಳನ್ನ ಕೂಗು’ ಎಂದರು. ಆಮೇಲೆ ನನ್ನ ಭುಜ ಹಿಡಿದು, ‘ಸತ್ತೋರನ್ನ ಕೂಗೋ ಥರ ಬೇಡ. ಗುಂಪಲ್ಲಿ ಜನ ತಪ್ಪಿಸ್ಕೊಂಡಾಗ ಕೂಗ್ತೀಯಲ್ಲ, ಹಾಗೆ’ ಎಂದರು.

ಕೂಗಿದೆ. ದಯವಿಟ್ಟು ಗಮನಿಸಿ ಎಂದು ಶುರುಮಾಡಿ ಅಮ್ಮನ ಹೆಸರು ಹೇಳಿದೆ. ಎಲ್ಲಿದ್ದರೂ ಎರಡನೇ ಪ್ಲಾಟ್‌ಫಾರ್ಮಿನ ನಲ್ಲಿಯ ಬಳಿ ಬನ್ನಿ, ನಿಮ್ಮ ಯಜಮಾನರು, ಇಬ್ಬರು ಮಕ್ಕಳು ಅಲ್ಲಿ ಕಾಯುತ್ತಿದ್ದಾರೆ ಎಂದೆ. ನೀನು ಅಲ್ಲಿರಲಿಲ್ಲ, ಬಾಯಿಂದ ಹಾಗೇ ಬಂತು. ಅಭ್ಯಾಸಬಲದಿಂದ ಮತ್ತೆ ಮತ್ತೆ ಹೇಳಿದೆ, ದನಿ ಒಡೆಯುವವರೆಗೆ.

ಆಗ ಬ್ರೆಡ್ ಅಂಗಡಿಯ ಅಜ್ಜಿ ಬಂದು ಗಾಜು ತಟ್ಟಿದಳು. ಅವಳ ಗಂಡನ ಹೆಸರು ಕಲ್ಲಿನಲ್ಲೇ ಇದೆ. ‘ನಮ್ಮೋರಿಗೂ ಹೇಳು ತಾಯಿ, ಗಡಿಯಾರದ ಕೆಳಗಿದ್ದೀನಿ ಅಂತ.’ ಅವಳ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ನಾನು ಕೂಗುತ್ತ ಹೋದೆ, ಅವರು ತಾವು ಹೇಳಿದ ಜಾಗಕ್ಕೇ ಹೋಗಿ ನಿಂತರು: ಮೆಟ್ಟಿಲ ಬುಡದಲ್ಲಿ, ಟಿಕೆಟ್ ಕಿಟಕಿಯ ಪಕ್ಕ, ತೂಕದ ಯಂತ್ರದ ಹತ್ತಿರ. ಕಲ್ಲಿನ ಮುಂದೆ ಹೂವುಗಳಷ್ಟೇ ಉಳಿದವು. ಸಂಜೆ ಗಾಡಿ ಬಂದಾಗ ಅಷ್ಟೂ ಜನ ಹಾಗೇ ನಿಂತಿದ್ದರು. ಇಳಿದವರು ಕಕ್ಕಾಬಿಕ್ಕಿಯಾದರು, ಒಬ್ಬೊಬ್ಬರ ಮುಖವನ್ನೂ ಊರೇ ಹಾಗೆ ನೋಡಿದರೆ ಯಾರಿಗೆ ಭಯವಾಗುವುದಿಲ್ಲ?

ಅಪ್ಪ ನಲ್ಲಿಯ ಬಳಿ ನಿಂತು, ಕಟ್ಟಕಡೆಯವನು ಇಳಿಯುವ ತನಕ ನೋಡಿದರು. ನಲ್ಲಿ ತಿರುಗಿಸಿ, ಬೊಗಸೆ ನೀರು ಕುಡಿದು, ಬಾಯೊರೆಸಿಕೊಂಡು, ‘ನಡಿಯಮ್ಮ ಮನೆಗೆ. ಇಳಿಯೋರೆಲ್ಲ ಇಳಿದ್ರು’ ಎಂದರು.

ಅವತ್ತಿನಿಂದ ಅವರು ಇತ್ತ ಬಂದಿಲ್ಲ. ಸಂಜೆಯಾದರೆ ಮನೆಯಂಗಿಯಲ್ಲೇ ಕುರ್ಚಿಯ ಮೇಲೆ ಕೂತಿರುತ್ತಾರೆ. ಈಗ ಕಾಯುವ ಸರದಿ ನನಗೆ ಬಂದಂತಿದೆ. ನಿನ್ನೆ ಯಾರೋ ಹೆಂಗಸು ನಲ್ಲಿಯ ಪಕ್ಕ ಗಂಟಿನ ಮೇಲೆ, ನನಗೆ ಬೆನ್ನು ಹಾಕಿ ಕೂತಿದ್ದಳು. ಬಾಯಲ್ಲಿದ್ದ ರೈಲಿನ ಹೆಸರೇ ಮರೆತುಹೋಯಿತು. ಅವಳು ತಿರುಗುವ ಮೊದಲೇ ನಾನು ಕಣ್ಣು ಮುಚ್ಚಿಕೊಂಡೆ.

ಅತ್ತಿಗೆಗೆ ನನ್ನ ನಮಸ್ಕಾರ, ಆ ಮರೆಗುಳಿ ಹುಡುಗಿಗೆ ಒಂದು ಮುತ್ತು. ಮೈ ಕಡೆ ನೋಡಿಕೋ.

ನಿನ್ನ ತಂಗಿ

ತಾ.ಕ.: ಬುಧವಾರ, ಲಕೋಟೆ ಅಂಟಿಸುವ ಮೊದಲು ಅವಸರದಲ್ಲಿ ಬರೆಯುತ್ತಿದ್ದೇನೆ. ಅಮ್ಮನ ಹೆಸರು ಕೆತ್ತಿಸೋಣವೇ ಎಂದು ಇವತ್ತು ಬೆಳಿಗ್ಗೆ ಕೇಳಿದೆ. ಅಪ್ಪ ಹೂಂ ಎಂದರು. ಆಮೇಲೆ, ‘ಮೊದಲು ನಿಮ್ಮಣ್ಣನ್ನ ಕೇಳು. ಅವನಿನ್ನೂ ಕಾಯ್ತಾ ಇದ್ರೆ ಬೇಡ’ ಎಂದರು. ಇದಕ್ಕೆ ಕಾಗದದಲ್ಲಿ ಉತ್ತರ ಬರೆಯಬೇಡ, ಬಾ. ನೀನು ಇವತ್ತಿಗೂ ರೈಲು ಹತ್ತುವುದಿಲ್ಲವೆಂದು ಅತ್ತಿಗೆ ನನಗೆ ಹೇಳಿದ್ದಾರೆ. ಬಸ್ಸಿನಲ್ಲಿ ಬಾ ಅಣ್ಣಾ, ನಾನೇ ಬಂದು ಕರೆದುಕೊಂಡು ಹೋಗುತ್ತೇನೆ.