ಬಾವಿಕಟ್ಟೆಯ ಕಲ್ಲು ಯಾರು ಕೂರಿಸಬೇಕಿತ್ತು?

ಯಾತ್ರಿಕರ ಛತ್ರಗಳ ಆಡಳಿತಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ, ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೊರಟಿದ್ದ ಯಳಂದೂರು ಕಡೆಯ ಚಿಕ್ಕನಿಂಗಮ್ಮ ಹನೂರು ದಾರಿಯ ನಮ್ಮ ಛತ್ರದ ಬಾವಿಗೆ ಬಿದ್ದು ಸೊಂಟ ಮುರಿದುಕೊಂಡರು. ಅದಕ್ಕೆ ತಾವು ಕಂಟ್ರಾಕ್ಟರ್ ಪುಟ್ಟಸಿದ್ದಯ್ಯನನ್ನು ಹೊಣೆ ಮಾಡಿ, ಇನ್ನು ಯಾವ ಛತ್ರದಲ್ಲೂ ಅವನಿಗೆ ಕೆಲಸ ಕೊಡಕೂಡದೆಂದು ಆಜ್ಞೆ ಮಾಡಿದ್ದೀರಿ. ಆ ಆಜ್ಞೆ ತಪ್ಪು. ತಪ್ಪಿತಸ್ಥ ನಾನು, ಆ ಛತ್ರದ ಮೇಲ್ವಿಚಾರಕ. ಪಕ್ಕದಲ್ಲಿ ತಮಗೂ ಒಂದಿಷ್ಟು ಜಾಗ ಬಿಟ್ಟುಕೊಂಡೇ ನಿಂತಿದ್ದೇನೆ.

ನಮ್ಮ ಕಚೇರಿಯ ಶಿಸ್ತನ್ನು ಮೊದಲು ಹೊಗಳಿಬಿಡುತ್ತೇನೆ. ಛತ್ರಕ್ಕೆ ಒಂದು ಪೊರಕೆ ಬೇಕಾದರೆ ನಾನು ಮೂರು ಪ್ರತಿ ಅರ್ಜಿ ಬರೆಯಬೇಕು. ಬಕೆಟ್ಟಿನ ಹಿಡಿ ಕಿತ್ತರೆ ಅದರ ಕಾರಣವನ್ನು ತಿಳಿಸಬೇಕು. ಆದರೆ ಜನ ನೀರು ಸೇದುವ ಬಾವಿಯ ಹೂಳೆತ್ತಿಸಲು? ಎಲೆ ಅಡಿಕೆ ಸಾಕು! ಕಂಟ್ರಾಕ್ಟರನ ಕೈಗೆ ವೀಳ್ಯ ಇಟ್ಟು 'ಬಾವಿ ನೋಡಪ್ಪ' ಎಂದರೆ ಮುಗಿಯಿತು. ಅದಾದ ಮೇಲೆ ಕಾಗದ ಕೇಳಿದರೆ ನಮ್ಮ ಕಡೆ ಅದು ಅವಮಾನ, ಮಾತಿನ ಮೇಲೆ ನಂಬಿಕೆಯಿಲ್ಲ ಎಂದಂತೆ. ಕೊಳ್ಳೇಗಾಲ ಕೊಯಮತ್ತೂರಿಗೆ ಸೇರಿದ್ದ ಕಾಲದಲ್ಲಿ ಇಂಥ ಕೆಲಸದ ಕಾಗದ ತಮಿಳಿನಲ್ಲಿ ಬರುತ್ತಿತ್ತು, ಓದಿ ಹೇಳುವವರನ್ನು ಹುಡುಕಿಕೊಂಡು ತಿರುಗುತ್ತಿದ್ದೆವು. ಮೈಸೂರಿಗೆ ಸೇರಿದೆವು, ಕನ್ನಡವೂ ಬಂತು. ಕಾಗದ ಮಾತ್ರ ನಿಂತೇಹೋಯಿತು.

ಈಗ ನನ್ನ ಘನಕಾರ್ಯ ಕೇಳಿ. ಹೂಳಿನ ಮಂಕರಿ ಮೇಲೆತ್ತಲು ಅಡ್ಡವಾಗುತ್ತದೆಂದು ಪುಟ್ಟಸಿದ್ದಯ್ಯ ಬಾವಿಕಟ್ಟೆಯ ಒಂದು ಮಗ್ಗುಲಿನ ಕಲ್ಲು ಬಿಚ್ಚಿ ಹುಣಸೆಮರದ ಕೆಳಗೆ ಜೋಡಿಸಿದ್ದ. ಹೂಳು ತೆಗೆದದ್ದಾಯಿತು, ನೀರು ತಿಳಿಯಾಯಿತು. ಅವನೇ ಬಂದು ಕೇಳಿದ: "ಕಲ್ನೂ ಕೂರಿಸ್ಬುಟ್ಟೇ ಓಯ್ತೀನಿ ಸಾ, ಒಸಿ ಗಾರೆ ಕೊಡ್ಸಿ."

ಮಾರನೆಯ ದಿನ ತಮ್ಮ ತಪಾಸಣೆ ಇತ್ತಲ್ಲ! ಅಂಗಳದಲ್ಲಿ ಗಾರೆ ಚೆಲ್ಲಾಡಿದರೆ ತಮ್ಮ ಬೂಟಿಗೆ ಮೆತ್ತೀತೆಂಬ ಚಿಂತೆ ನನಗೆ. "ಹೂಳೆತ್ತೋದಷ್ಟೇ ನಿನ್ನ ಕೆಲಸ. ಕಟ್ಟೆ ನಮ್ಮವರು ನೋಡ್ಕೋತಾರೆ, ಹೋಗು" ಎಂದುಬಿಟ್ಟೆ. ನಮ್ಮವರು ಎಂದರೆ ಯಾರು ಸ್ವಾಮಿ? ಆ ಛತ್ರದಲ್ಲಿ ಇರುವುದು ನಾನು, ಕಸ ಗುಡಿಸುವ ರಂಗಮ್ಮ. ತಾವು ಬಂದಿರಿ, ಅಂಗಳ ಚೊಕ್ಕವಾಗಿದೆಯೆಂದು ಮೆಚ್ಚಿದಿರಿ, ಕಾಫಿ ಕುಡಿದು ಹೊರಟಿರಿ. ಬಾಯ್ತೆರೆದ ಕಟ್ಟೆ ತಮಗೂ ಕಾಣಲಿಲ್ಲ. ನಾಳೆ ಮಾಡಿಸಿದರಾಯಿತು ಎಂದುಕೊಂಡೇ ನಾನು ದಿನ ತಳ್ಳಿದೆ. ಯಾತ್ರಿಕರ ಗುಂಪು ಬಂದ ಸಂಜೆ ಚಿಕ್ಕನಿಂಗಮ್ಮ ಮಸುಕಿನಲ್ಲಿ ಕಟ್ಟೆಗೆ ಕೈಯೂರಲು ಹೋದರು. ಅಲ್ಲಿ ಕಟ್ಟೆಯಿರಲಿಲ್ಲ. ಹಗ್ಗ ಕಟ್ಟಿ ಮೇಲೆತ್ತುವಾಗ ಆ ತಾಯಿ "ಮಾದಪ್ಪಾ" ಎಂದು ಕೂಗಿದ್ದು ಇವತ್ತಿಗೂ ಕಿವಿಯಲ್ಲಿದೆ.

ವಿಚಾರಣೆಯಲ್ಲಿ ತಾವು ಕೇಳಿದ್ದು ಒಂದೇ ಪ್ರಶ್ನೆ: "ಬಾವಿ ಕೆಲಸ ಯಾರದು?" ನಾನು "ಪುಟ್ಟಸಿದ್ದಯ್ಯನದು" ಎಂದೆ. ಅದು ಸುಳ್ಳಲ್ಲ. ಸುಳ್ಳಾಗಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ. ಅವನು ಟವಲನ್ನು ಕಂಕುಳಿಗಿಟ್ಟುಕೊಂಡು ಬಾಗಿಲ ಬಳಿ ನಿಂತಿದ್ದ. ಹೊರಗೆ ಬಂದ ಮೇಲೆ, ಯಾಕಯ್ಯಾ ಬಾಯಿ ಬಿಡಲಿಲ್ಲ ಎಂದು ನಾನೇ ದಬಾಯಿಸಿದೆ.

"ನಿಮ್ ಕೈಯಿಂದ ಎಲೆ ಈಸ್ಕಂಡಿವ್ನಿ ಸಾ. ಎಲೆ ಕೊಟ್ಟೋರ್ ಮ್ಯಾಲೆ ಸಾಯೇಬ್ರ ಮುಂದೆ ದೂರು ಯೋಳಕ್ಕಾದದಾ? ನೀವೇ ಯೋಳ್ತೀರಿ ಅಂತ ನಿಂತಿದ್ದೆ" ಎಂದ.

ನಾನು ಹೇಳಲಿಲ್ಲ. ತಮ್ಮ ಆಜ್ಞೆಯ ಸುದ್ದಿ ಊರೂರಿಗೂ ಹಬ್ಬಿದೆ. ಈಗ ಬಂಡಳ್ಳಿಯ ರೈತರೂ ತಮ್ಮ ಬಾವಿಗೆ ಅವನನ್ನು ಕರೆಯುತ್ತಿಲ್ಲ. 'ಹೆಂಗಸನ್ನ ಬಾವಿಗೆ ಬೀಳಿಸಿದೋನು' ಎಂಬ ಹೆಸರು ಅವನ ಬೆನ್ನಿಗೆ ಬಿದ್ದಿದೆ. ಹೋದ ವಾರ ಮನಸ್ಸು ತಾಳದೆ, ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಅವನ ಮನೆಗೆ ಹೋಗಿ ತಪ್ಪಾಯಿತಪ್ಪಾ ಎಂದೆ. ಕೂರಲು ಚಾಪೆ ಹಾಕಿದ, ಮಜ್ಜಿಗೆ ಕೊಟ್ಟ. ತಟ್ಟೆ ಮುಟ್ಟಲಿಲ್ಲ.

"ಎಲೆ ನಿಮ್ತಾವೇ ಇರ್ಲಿ ಸಾ. ಏನ್ ನಡೀತೋ ಅದ್ನ ಬರ್ದು ಕೊಡಿ. ನಾಕ್ ಜನ ಓದ್ಲಿ."

ಆದ್ದರಿಂದ ಮಾನ್ಯರೇ, ಇದನ್ನು ತಮ್ಮ ಮೇಜಿಗೆ ಕಳಿಸದೆ ಪತ್ರಿಕೆಗೆ ಕಳಿಸಿದ್ದೇನೆ. ಪುಟ್ಟಸಿದ್ದಯ್ಯನ ಮೇಲಿನ ಆಜ್ಞೆಯನ್ನು ರದ್ದು ಮಾಡಿ, ಆ ಆಜ್ಞೆ ಹಬ್ಬಿದಷ್ಟೇ ದೂರ ರದ್ದಾದ ಸುದ್ದಿಯನ್ನೂ ಸಾರಿಸಿ. ಇನ್ನು ಮುಂದೆ ಛತ್ರದ ಯಾವ ಕೆಲಸವಾದರೂ ಸರಿ, ಏನು ಮಾಡಬೇಕು, ಬಿಚ್ಚಿದ್ದನ್ನು ಮತ್ತೆ ಯಾರು ಕಟ್ಟಬೇಕು, ಮುಗಿಯಿತೆಂದು ಯಾರು ನೋಡಿ ಒಪ್ಪಬೇಕು ಎಂಬುದನ್ನು ಮೊದಲೇ ಕನ್ನಡದಲ್ಲಿ ಬರೆದು, ಕಂಟ್ರಾಕ್ಟರನಿಗೆ ಓದಿ ಹೇಳಿ, ಒಂದು ಪ್ರತಿ ಅವನ ಕೈಗೆ ಕೊಡತಕ್ಕದ್ದು. ವೀಳ್ಯ ಬೇಡವೆನ್ನುವುದಿಲ್ಲ, ಅದರ ಕೆಳಗೆ ಕಾಗದವೊಂದಿರಲಿ. ನನ್ನ ಮೇಲೆ ಏನು ಕ್ರಮ ಕೈಗೊಳ್ಳುತ್ತೀರೋ ಅದನ್ನೂ ದಯವಿಟ್ಟು ಬರಹದಲ್ಲೇ ಕಳಿಸಿ. ಕಟ್ಟೆಯ ಕಲ್ಲನ್ನು ಮೊನ್ನೆ ನಾನೇ ನಿಂತು ಕೂರಿಸಿದೆ. ಅರ್ಧ ದಿನದ ಕೆಲಸ ಅಷ್ಟೇ.

ಇಂತಿ,
'ನಮ್ಮವರು ನೋಡಿಕೊಳ್ಳುತ್ತಾರೆ' ಎಂದ ಆ ನಮ್ಮವರು,
ವೃಷಭೇಂದ್ರಪ್ಪ, ಛತ್ರದ ಮೇಲ್ವಿಚಾರಕ
ಹನೂರು, ಏಪ್ರಿಲ್ 1967